ಕಲ್ಲಿನ ದವಡೆ

ಮೂಳೆಯೋ ಬರೀ ಕಲ್ಲೋ ಎಂದು ಅನುಮಾನ ಬಂದರೆ ನಾಲಿಗೆ ತಾಗಿಸಿ ನೋಡಬೇಕು. ಕಲ್ಲಾದರೆ ನಾಲಿಗೆ ಜಾರುತ್ತದೆ, ಮೂಳೆಯಾದರೆ ಹಿಡಿದುಕೊಳ್ಳುತ್ತದೆ. ಡಾಕ್ಟರ್ ಮ್ಯಾಥ್ಯೂ ಹಾರ್ಲೆಂಡ್ ಹಿಂದೆ ಮುಂದೆ ನೋಡಿದ. ಹಿಂದೆ ಊರಿನ ಕಡೆಗೆ ದಂಡೆ ಖಾಲಿ. ಮುಂದೆ ಕಡಲಿಗೆ ಚಾಚಿಕೊಂಡ ಕರಿಬಂಡೆ, ಅದರ ಮರೆಯಲ್ಲಿ ಬೆಸ್ತರ ಹಟ್ಟಿ. ತಲೆಯ ಮೇಲೆ ನಿನ್ನೆಯ ಬಿರುಗಾಳಿಗೆ ಅರ್ಧ ಕುಸಿದು, ಇನ್ನೂ ಸಣ್ಣ ಸಣ್ಣ ಚಕ್ಕೆಗಳನ್ನು ಉದುರಿಸುತ್ತಿದ್ದ ಪದರುಕಲ್ಲಿನ ಗೋಡೆ. ಯಾರೂ ಇರಲಿಲ್ಲ. ಊರಿನ ಅರ್ಧ ಜನರ ನಾಡಿ ಹಿಡಿದವನು, ಭಾನುವಾರ ಚರ್ಚಿನಲ್ಲಿ ಎರಡನೆಯ ಸಾಲಿನಲ್ಲಿ ಕೂರುವ ಗೃಹಸ್ಥ, ಹ್ಯಾಟು ತೆಗೆದು ಪಕ್ಕಕ್ಕಿಟ್ಟು, ಕೆಸರಿನಲ್ಲಿ ಮಂಡಿಯೂರಿ, ನಾಯಿಯ ಹಾಗೆ ಬಾಗಿ ನೆಲ ನೆಕ್ಕಿದ. ಮೊದಲು ಉಪ್ಪು, ಆಮೇಲೆ ಗಂಧಕದ ಕಮಟು, ಆಮೇಲೆ ನಾಲಿಗೆಯ ತುದಿಯನ್ನು ಯಾರೋ ಮೆಲ್ಲಗೆ ಚಿವುಟಿ ಹಿಡಿದಂತಾಯಿತು. ಬಿಡಿಸಿಕೊಂಡ. ಮತ್ತೆ ತಾಗಿಸಿದ. ಮತ್ತೆ ಹಿಡಿಯಿತು. ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಅಲೆಯ ಸದ್ದು ಒಂದು ಕ್ಷಣ ನಿಂತೇಹೋಯಿತು ಅನ್ನಿಸಿತು.

ಈ ಹೊತ್ತಿಗೆ ತಾನು ಹಟ್ಟಿಯಲ್ಲಿರಬೇಕಿತ್ತು. ಬೆಳಿಗ್ಗೆ ಅವನು ಹುರಿದ ಹಂದಿಮಾಂಸದ ತಟ್ಟೆಯ ಮುಂದೆ ಕೂತಿದ್ದಾಗ ಬೆಸ್ತ ಐಸಾಕ್ ಸ್ಟೋರನ ಹೆಂಡತಿ ಕೆಜಾಯ ಹಿತ್ತಲ ಬಾಗಿಲಲ್ಲಿ ಬಂದು ನಿಂತಿದ್ದಳು. ಗಾಳಿಗೆ ತಲೆಯ ಶಾಲು ಹಿಂದಕ್ಕೆ ಸರಿದು ನರೆಗೂದಲೆಲ್ಲ ಕೆದರಿತ್ತು. "ನಮ್ಮ ಐಸಾಕ್‌ಗೆ ಗಂಟಲು ಕಟ್ಟಿಬಿಟ್ಟಿದೆ ಡಾಕ್ಟ್ರೇ. ನಿನ್ನೆ ನೀರಾದ್ರೂ ಇಳೀತಿತ್ತು. ಇವತ್ತು ಅವನ ಉಗುಳೇ ಅವನಿಗೆ ನುಂಗೋಕಾಗ್ತಿಲ್ಲ," ಅಂದಿದ್ದಳು. "ನೀನು ನಡೀ, ನಿನ್ನ ಹಿಂದೆಯೇ ಬಂದೆ," ಅಂದಿದ್ದ. ಸುಳ್ಳೇನೂ ಹೇಳಿರಲಿಲ್ಲ. ಹಿಂದೆಯೇ ಹೊರಟಿದ್ದ. ಬಂಡೆಯ ಮೇಲಿನ ದಾರಿ ಸುತ್ತು, ಇಳಿತವಿರುವಾಗ ದಂಡೆಯ ದಾರಿ ಹತ್ತಿರ. ಆದ್ದರಿಂದ ದಂಡೆಗೆ ಇಳಿದಿದ್ದ. ಬಿರುಗಾಳಿಯ ಮಾರನೆಯ ದಿನ ಗೋಡೆ ಕುಸಿದಿರುತ್ತದೆ, ಹೊಸ ಮಣ್ಣು ಬಾಯಿ ಬಿಟ್ಟಿರುತ್ತದೆ ಅನ್ನುವುದೂ ಗೊತ್ತಿತ್ತು, ಆದರೆ ಆ ಮಾತನ್ನು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಔಷಧಿಯ ಚೀಲಕ್ಕೆ ಉಳಿಯೂ ಸುತ್ತಿಗೆಯೂ ಹೇಗೆ ಸೇರಿಕೊಂಡವು? ಅವು ಯಾವಾಗಲೂ ಅಲ್ಲೇ ಇರುತ್ತವೆ. ಇನ್ನು ಸ್ವಲ್ಪ, ಅಂದುಕೊಂಡ. ಎಷ್ಟು ದೊಡ್ಡದಿದೆ ಅಂತ ಗೊತ್ತಾದರೆ ಸಾಕು, ಗುರುತಿಗೆ ಒಂದು ಕಲ್ಲಿಟ್ಟು ಹೋಗಿಬಿಡುತ್ತೇನೆ.

ಉಳಿ ಇಟ್ಟ ಕಡೆ ಪದರುಕಲ್ಲು ಹಳೆಯ ಗ್ರಂಥದ ಹಾಳೆಗಳಂತೆ ಬಿಚ್ಚಿಕೊಂಡಿತು. ಕಂದು ಬಣ್ಣದ, ಮೊಳಕೈಯಷ್ಟು ದಪ್ಪದ ಅಂಚು. ಅಂಚಿನ ಹಿಂದೆ ಬೋಗುಣಿಯಂತೆ ಉಬ್ಬಿದ ಭಾಗ. ಅಲ್ಲಿಂದ ಕೆಳಕ್ಕೆ ಬಾಗಿ ಮುಂದಕ್ಕೆ ಸಾಗುವ ಉದ್ದನೆಯ ಎಲುಬು. ದವಡೆ. ಇದು ದವಡೆಯ ಸಂದು, ಇದು ತಲೆಯ ಹಿಂಭಾಗ. ಕಣ್ಣಿನ ಗುಳಿ ಇರಬೇಕಾದ ಕಡೆ ಕಲ್ಲಿನಂತೆ ಗಟ್ಟಿಯಾದ ಜೇಡಿ ತುಂಬಿಕೊಂಡಿತ್ತು. ಈ ಸಲ ತಲೆ ಎಲ್ಲಿದೆ ಅನ್ನುವುದರಲ್ಲಿ ಅನುಮಾನವೇ ಇಲ್ಲ, ಅಂದುಕೊಂಡು ತಾನೇ ನಕ್ಕ, ನಕ್ಕ ಕೂಡಲೇ ಬಾಯಿ ಕಹಿಯಾಯಿತು. ನೆನಪಾದದ್ದು ಊರಿನ ವಿದ್ವತ್ ಸಂಘದ ಸಭಾಂಗಣ, ಮೇಣದ ಬತ್ತಿಗಳ ವಾಸನೆ, ಹಸಿರು ಬಟ್ಟೆ ಹಾಸಿದ ಉದ್ದನೆಯ ಮೇಜು. ಇಡೀ ಬೇಸಿಗೆ ದಂಡೆಯಲ್ಲಿ ಬೆನ್ನು ಮುರಿದುಕೊಂಡು ತೆಗೆದ ಮೂಳೆಗಳನ್ನೆಲ್ಲ ಅವನು ಆ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದ. ಉದ್ದನೆಯ ಬಾಲ, ಗಿಡ್ಡ ಕತ್ತು, ತುದಿಯಲ್ಲಿ ಪುಟ್ಟ ತಲೆ. ಹಿಂದೆಂದೂ ಯಾರೂ ಕಾಣದ ಪ್ರಾಣಿ ಅಂತ ಭಾಷಣ ಶುರು ಮಾಡಿದ್ದ. ಆಗ ಜೋನಾಸ್ ಪಿಕರ್ಸ್‌ಗಿಲ್ ಎದ್ದ. ಹಗ್ಗದ ಕಾರ್ಖಾನೆಯ ಯಜಮಾನ, ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತದವನು, ಮ್ಯಾಥ್ಯೂವಿನ ಹೆಂಡತಿ ಡೋರ್ಕಸಳ ಸ್ವಂತ ಅಣ್ಣ. ಮೇಜಿನ ಹತ್ತಿರ ಬಂದು, ಆ ತಲೆಯನ್ನು ಎರಡು ಬೆರಳಿನಲ್ಲಿ ಎತ್ತಿಕೊಂಡು, ಮೇಜಿನ ಉದ್ದಕ್ಕೂ, ಮೊಟ್ಟೆ ಹಿಡಿದವನಂತೆ ಹುಷಾರಾಗಿ, ನಿಧಾನವಾಗಿ ನಡೆದು, ಉದ್ದನೆಯ ಬಾಲದ ತುದಿಯಲ್ಲಿಟ್ಟ. ಬಾಲ ಕತ್ತಾಯಿತು. ಕತ್ತು ಬಾಲವಾಯಿತು. ಯಾರಿಗೆ ಬೇಕಾದರೂ ಕಾಣುವಷ್ಟು ಸರಿಯಾಯಿತು. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಗೋಡೆಗಳೇ ನಕ್ಕವು. ಮ್ಯಾಥ್ಯೂ ನೋಡಿದ್ದು ಮುಂದಿನ ಸಾಲನ್ನು. ಡೋರ್ಕಸ್ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಳು, ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡಿದ್ದ, ಪಾಪ.

ಅಂದಿನಿಂದ ಭಾನುವಾರದ ಊಟಗಳೆಲ್ಲ ಹಾಗೆಯೇ. "ಡಾಕ್ಟ್ರೇ, ಈ ಕೋಳಿಗೆ ತಲೆ ಯಾವ ಕಡೆ ಇತ್ತು ಅಂತೀರಿ?" ಅಂತ ಜೋನಾಸ್ ಕೇಳುವುದು, ಮಕ್ಕಳು ನಗುವುದು, ಡೋರ್ಕಸ್ "ಅಣ್ಣ, ಸಾಕು ಸುಮ್ಮನಿರು" ಅನ್ನುವುದು. ಹಾಗೆ ಅನ್ನುವಾಗ ಅವಳ ತುಟಿಯ ಮೂಲೆ ಸ್ವಲ್ಪ ಮೇಲೆದ್ದಿರುವುದು. ಮರುವರ್ಷದ ಚಳಿಗಾಲದಲ್ಲಿ ಜೋನಾಸನಿಗೆ ಇದೇ ದಂಡೆಯಲ್ಲಿ ಒಂದು ಪ್ರಾಣಿಯ ಮೂತಿ ಸಿಕ್ಕಿತು. ಗರಗಸದಂತೆ ಹಲ್ಲು ತುಂಬಿದ, ಆಳುದ್ದದ ಮೂತಿ. ಕಣ್ಣಿಗೆ ಸ್ವಲ್ಪ ಮೊದಲೇ ಮುರಿದುಹೋಗಿತ್ತು. ಯಾರ್ಕ್‌ನಿಂದ ಗಾಡಿ ಮಾಡಿಕೊಂಡು ಬಂದು ಜನ ನೋಡಿದರು. ಪ್ರೊಫೆಸರರೊಬ್ಬರು ಅದಕ್ಕೆ ಲ್ಯಾಟಿನ್ನಿನಲ್ಲಿ ಹೆಸರಿಟ್ಟರು, ಆ ಹೆಸರಿನ ಬಾಲದಲ್ಲಿ ಪಿಕರ್ಸ್‌ಗಿಲ್ ಅನ್ನುವುದೂ ಸೇರಿತು. ಹಗ್ಗ ಹೊಸೆಯುವವನ ಹೆಸರು ಸೂರ್ಯಚಂದ್ರರಿರುವ ತನಕ! ಅದನ್ನು ಪ್ರದರ್ಶನಕ್ಕಿಟ್ಟ ದಿನ ಜೋನಾಸ್ ಅತಿಥಿಗಳಿಗೆ ದ್ರಾಕ್ಷಾರಸ ಬಗ್ಗಿಸಲು ಆ ಕಡೆ ತಿರುಗಿದ್ದಾಗ ಮ್ಯಾಥ್ಯೂ ಕಳ್ಳನಂತೆ ಮುರಿದ ಜಾಗದ ಮೇಲೆ ಅಂಗೈ ಇಟ್ಟು ಅಳೆದಿದ್ದ. ಒಂದು ಗೇಣು, ಮೇಲೆ ಎರಡು ಬೆರಳು. ಯಾಕೆ ಅಳೆದನೋ ತನಗೇ ಗೊತ್ತಿರಲಿಲ್ಲ. ಆದರೆ ಅಳತೆ ಕೈಯಲ್ಲೇ ಉಳಿದುಬಿಟ್ಟಿತ್ತು.

ಈಗ ಕೆಸರು ಸವರಿ ಎಲುಬಿನ ಮುಂತುದಿಯನ್ನು ಮುಟ್ಟಿದ. ಮುರಿದಿತ್ತು. ಒರಟಾಗಿ, ಅಡ್ಡಲಾಗಿ, ಕಣ್ಣಿನ ಜಾಗಕ್ಕೆ ಸ್ವಲ್ಪ ಮುಂದೆ. ಕೈ ತೆಗೆದ. ಉಸಿರು ಬಿಗಿಹಿಡಿದು ಗೇಣು ಹಾಕಿದ. ಒಂದು ಗೇಣು. ಎರಡು ಬೆರಳು.

"ದೇವರೇ," ಅಂದ ಮ್ಯಾಥ್ಯೂ ಗಟ್ಟಿಯಾಗಿ. ಜೋನಾಸನ ಪ್ರಾಣಿಯ ತಲೆ ಇದು. ಬರೀ ಮೂತಿಗೆ ಇಟ್ಟ ಹೆಸರು ಯಾವ ಹೆಸರು? ಇಡೀ ತಲೆಯನ್ನು ಕಂಡವನು, ಅದನ್ನು ಜಗತ್ತಿಗೆ ಬಣ್ಣಿಸಿದವನು ಇಡುವುದೇ ಹೆಸರು. ಲಂಡನ್ನಿನ ಸಭೆಯಲ್ಲಿ ತಾನು ನಿಂತಿರುವುದು, ಜೋನಾಸ್ ಹಿಂದಿನ ಸಾಲಿನಲ್ಲಿ ಹ್ಯಾಟು ತಿರುವುತ್ತ ಕೂತಿರುವುದು ಕಣ್ಣಿಗೆ ಕಟ್ಟಿತು. ಮೈಯೆಲ್ಲ ಬಿಸಿಯಾಗಿ ಕೋಟಿನ ಗುಂಡಿ ಬಿಚ್ಚಿದ. ಐಸಾಕ್ ಅನ್ನುವ ಹೆಸರು ಮನಸ್ಸಿನ ಯಾವುದೋ ಮೂಲೆಯಿಂದ ಒಮ್ಮೆ ಕೆಮ್ಮಿತು. ಇನ್ನು ಸ್ವಲ್ಪ, ಅಂದ ಅದಕ್ಕೆ. ಸುತ್ತಿಗೆ ಎತ್ತಿದ. ಅಡಿಯ ಪದರವನ್ನು ಬಿಡಿಸಿದರೆ ಇಡೀ ಚಪ್ಪಡಿ ಸಡಿಲವಾಗುತ್ತದೆ. ಎಷ್ಟು ಹೊತ್ತು ಹೊಡೆದನೋ. ತಲೆಯೆತ್ತಿದಾಗ ಕರಿಬಂಡೆಯ ಸುತ್ತ ಅಲೆ ಬಿಳಿ ನೊರೆ ಕಟ್ಟುತ್ತಿತ್ತು, ಉಬ್ಬರ ತಿರುಗಿತ್ತು, ಮತ್ತು ಬಂಡೆಯ ಮರೆಯಿಂದ ಹಟ್ಟಿಯ ಕಡೆಯಿಂದ ಒಬ್ಬ ಮನುಷ್ಯ ಬರುತ್ತಿದ್ದ. ಗೂಳಿಯಂತೆ ಅಗಲ ಭುಜ, ತಲೆಯನ್ನು ಸ್ವಲ್ಪ ಮುಂದೆ ಚಾಚಿ ನೆಲ ಹುಡುಕುತ್ತ ನಡೆಯುವ ನಡಿಗೆ. ಆ ನಡಿಗೆಯನ್ನು ಮ್ಯಾಥ್ಯೂ ನಿದ್ದೆಗಣ್ಣಿನಲ್ಲೂ ಗುರುತಿಸಬಲ್ಲ.

ಯೋಚಿಸಲಿಲ್ಲ. ಕೋಟು ಕಳಚಿ ಚಪ್ಪಡಿಯ ಮೇಲೆ ಹರಡಿದ. ಅದರ ಮೇಲೆ ಕೂತ.

"ಯಾರಪ್ಪ ಅದು ಅಂದ್ಕೊಂಡೆ!" ಜೋನಾಸ್ ದೂರದಿಂದಲೇ ಕೂಗಿದ. "ಡಾಕ್ಟ್ರೇ! ಕಡಲ ಗಾಳಿ ಕುಡಿಯೋಕೆ ಕೂತ್ರೋ?"

"ಕಾಲು ಹೊರಳಿತು ಭಾವ," ಅಂದ ಮ್ಯಾಥ್ಯೂ. ಧ್ವನಿ ತನ್ನದಲ್ಲ ಅನ್ನಿಸಿತು. "ಪಾದ ನೆಲಕ್ಕೆ ಊರೋಕಾಗ್ತಿಲ್ಲ. ಸ್ವಲ್ಪ ಕೂತ್ರೆ ಸರಿಹೋಗುತ್ತೆ. ನೀನು ನಡೀ."

ಜೋನಾಸ್ ಹತ್ತಿರ ಬಂದು ನಿಂತ. ಅವನ ಮುಖದಲ್ಲಿ ಗೇಲಿ ಇರಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಹಟ್ಟಿಗೆ ಹಗ್ಗ ಕೊಡೋಕೆ ಗಾಡಿ ತಂದಿದ್ದೆ. ಕೆಜಾಯ ಬಾಗಿಲಲ್ಲೇ ನಿಂತಿದಾಳೆ ಮಾರಾಯ, ನಿನ್ನ ದಾರಿ ನೋಡ್ಕೊಂಡು. ಐಸಾಕ್ ಉಸಿರೆಳೆದ್ರೆ ಗರಗಸ ಎಳೆದ ಹಾಗೆ ಕೇಳ್ಸುತ್ತೆ. 'ದಂಡೆ ಮೇಲೆ ಬರ್ತಿದ್ರೆ ಬೇಗ ಕರ್ಕೊಂಡು ಬಾ' ಅಂತ ಅವಳೇ ಕಳಿಸಿದ್ದು."

"ಬರ್ತೀನಿ. ಈಗ ಬಂದೆ."

"ಕಾಲು ಊರೋಕಾಗಲ್ಲ ಅಂತೀಯ, ಹೇಗೆ ಬರ್ತೀಯ? ಬಾ, ಬೆನ್ನ ಮೇಲೆ ಹತ್ತು. ಹಗ್ಗದ ಸುರುಳಿಗಿಂತ ನೀನೇನೂ ಭಾರ ಇರಲ್ಲ."

ಜೋನಾಸ್ ನಿಜವಾಗಿಯೂ ತಿರುಗಿ, ಮಂಡಿ ಬಗ್ಗಿಸಿ, ಬೆನ್ನು ಕೊಟ್ಟು ನಿಂತ. ಆ ಅಗಲವಾದ ಬೆನ್ನು, ಡಾಂಬರಿನ ವಾಸನೆಯ ಕೋಟು, ಕುತ್ತಿಗೆಯ ಹಿಂದಿನ ಬಿಸಿಲಿಗೆ ಬಿರಿದ ಚರ್ಮ. ಎದ್ದರೆ ತಲೆ ಹೋಯಿತು. ಕೂತರೆ ಐಸಾಕ್ ಹೋಗುತ್ತಾನೆ. ಲೆಕ್ಕ ಇಷ್ಟು ಸರಳವಾಗಿರುವಾಗಲೂ ತಾನು ಕೂತೇ ಇದ್ದೇನೆ ಅನ್ನುವುದನ್ನು ಮ್ಯಾಥ್ಯೂ ಬೇರೆ ಯಾರನ್ನೋ ನೋಡುವಂತೆ ನೋಡಿದ. ಒಂದು ಅಲೆ, ಎರಡು ಅಲೆ. ಮೂರನೆಯದು ಅವನ ಬೂಟಿನ ತುದಿಯನ್ನು ಮುಟ್ಟಿ ಹಿಂದಕ್ಕೆ ಹೋಯಿತು. ಅವನು ಎದ್ದ. ಎರಡು ಕಾಲನ್ನೂ ಗಟ್ಟಿಯಾಗಿ ಊರಿ, ನೆಟ್ಟಗೆ ನಿಂತ.

ಜೋನಾಸ್ ತಿರುಗಿ ಅವನ ಕಾಲು ನೋಡಿದ. ಆಮೇಲೆ ಹರಡಿದ ಕೋಟು ನೋಡಿದ. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಉಳಿ. "ಮ್ಯಾಥ್ಯೂ," ಅಂದ ಬಹಳ ಮೆಲ್ಲಗೆ, "ಏನಿದೆ ಅದರಡಿ?"

"ನನ್ನದು."

ಜೋನಾಸ್ ಕೋಟನ್ನು ಎಳೆದ. ಮುಂದೆ ಆದದ್ದನ್ನು ನೆನೆದರೆ ಇಬ್ಬರಿಗೂ ನಾಚಿಕೆಯಾಗಬೇಕು. ಮೀನು ಮಾರುವವರಂತೆ ಅವರು ಬೈದಾಡಿದರು. ನನ್ನ ಪ್ರಾಣಿ ಅಂದ ಜೋನಾಸ್. ನಿನ್ನ ಹೆಸರು ಬರೆದಿದೆಯಾ ಅಂದ ಮ್ಯಾಥ್ಯೂ. ಹೌದು, ಲ್ಯಾಟಿನ್ನಿನಲ್ಲಿ ಬರೆದಿದೆ ಅಂದ ಜೋನಾಸ್. ಕಾಲು ಹೊರಳಿಸಿಕೊಂಡ ಕಳ್ಳ! ಹಗ್ಗ ತಿರುಪುವ ಹೆಡ್ಡ! ಹೀಗೆ ಬೈಯುತ್ತ ಬೈಯುತ್ತಲೇ ಜೋನಾಸ್ ಮಂಡಿಯೂರಿ ಆಗಿತ್ತು, ಅವನ ದಪ್ಪ ಬೆರಳು ಆ ಉಬ್ಬಿದ ಎಲುಬಿನ ಮೇಲೆ ಮಗುವಿನ ನೆತ್ತಿಯ ಮೇಲೆ ಆಡುವಂತೆ ಆಡುತ್ತಿತ್ತು, ಮ್ಯಾಥ್ಯೂವೂ ಪಕ್ಕದಲ್ಲೇ ಮಂಡಿಯೂರಿ "ಇಲ್ಲಿ ನೋಡು, ಸಂದು ಇಲ್ಲಿದೆ, ದವಡೆ ತೆರೀತಿದ್ದದ್ದು ಇಲ್ಲಿಂದ," ಅನ್ನುತ್ತಿದ್ದ, "ಅಬ್ಬಾ, ಅಬ್ಬಾ," ಅನ್ನುತ್ತಿದ್ದ ಜೋನಾಸ್. ಇಬ್ಬರಿಗೂ ಐಸಾಕ್ ಮರೆತುಹೋಗಿದ್ದ. ಅಲೆ ಬಂದು ಇಬ್ಬರ ತೊಡೆಯನ್ನೂ ಒದ್ದೆ ಮಾಡಿ, ಚಪ್ಪಡಿಯನ್ನು ಒಮ್ಮೆ ಅಲುಗಾಡಿಸಿ ಹೋದಾಗಲೇ ಎಚ್ಚರವಾದದ್ದು.

"ಒಬ್ಬನ ಕೈಲಿ ಏಳಲ್ಲ ಇದು," ಅಂದ ಜೋನಾಸ್.

"ಗೊತ್ತು."

"ಹಿಡಿ ಮತ್ತೆ. ಯಾರದ್ದು ಅಂತ ಆಮೇಲೆ ಹೊಡೆದಾಡೋಣ. ಕೋಟಿನ ಆ ತುದಿ ಹಿಡಿ. ನಿನ್ನ ರೋಗಿ ಕಾಯ್ತಿದಾನೆ, ನನ್ನ ಗಾಡೀನೂ ಅಲ್ಲೇ ಇದೆ. ದಾರಿ ಒಂದೇ."

ಮ್ಯಾಥ್ಯೂ ಉಳಿ ಸುತ್ತಿಗೆಗಳನ್ನು ತುರುಕಿ ಚೀಲವನ್ನು ಹೆಗಲಿಗೇರಿಸಿದ. ಕೋಟನ್ನು ಜೋಳಿಗೆ ಮಾಡಿಕೊಂಡು ಅವರು ಓಡಿದರು. ಓಟವೂ ಅಲ್ಲದ, ನಡಿಗೆಯೂ ಅಲ್ಲದ, ಮಂಡಿಯವರೆಗಿನ ನೀರಿನಲ್ಲಿ ಎಡವುತ್ತ ಸಾಗುವ ಒಂದು ಕುಣಿತ. ಕರಿಬಂಡೆಯ ಮೂಲೆಯಲ್ಲಿ ಅಲೆ ಸೊಂಟಕ್ಕೆ ಬಂತು. ಜೋಳಿಗೆಯನ್ನು ಎದೆಯ ಮಟ್ಟಕ್ಕೆ ಎತ್ತಿ, ಇಬ್ಬರೂ ಮುಖಾಮುಖಿಯಾಗಿ, ಪಾಚಿಯ ಮೇಲೆ ಕಾಲು ಜಾರಿಸುತ್ತ ಅಡ್ಡಡ್ಡ ನಡೆದರು. "ಪ್ರಳಯದ ದಿನ ನೋಹ ಕೂಗಿದಾಗ ದೋಣಿ ಹತ್ತಿದ್ರೆ ನಮಗೆ ಈ ಕಷ್ಟ ತಪ್ತಿತ್ತು ಕಣಯ್ಯ!" ಅಂತ ಜೋನಾಸ್ ಜೋಳಿಗೆಯೊಳಗಿನ ತಲೆಗೆ ಬೈದ. ಮ್ಯಾಥ್ಯೂ ನಕ್ಕ. ಬಾಯಿಯೊಳಗೆ ಉಪ್ಪುನೀರು ಹೋಯಿತು, ಆದರೂ ನಕ್ಕ. ಎಷ್ಟು ವರ್ಷವಾಗಿತ್ತು ಈ ಮನುಷ್ಯನ ಮಾತಿಗೆ ನಕ್ಕು! ಡೋರ್ಕಸಳನ್ನು ಮದುವೆಯಾದ ಹೊಸದರಲ್ಲಿ ಇದೇ ದಂಡೆಗೆ ಅವನನ್ನು ಮೊದಲು ಕರೆತಂದವನು ಇವನೇ. ಒಂದು ಶಂಖಸುರುಳಿಯ ಕಲ್ಲನ್ನು ಅಂಗೈಯಲ್ಲಿಟ್ಟು, "ನೋಡು, ಇದು ಒಂದು ಕಾಲದಲ್ಲಿ ಉಸಿರಾಡ್ತಿತ್ತು," ಅಂದಿದ್ದ. ಆ ಮಾತಿನಿಂದಲೇ ಎಲ್ಲ ಶುರುವಾದದ್ದು. ಅದನ್ನು ಮ್ಯಾಥ್ಯೂ ಯಾವ ಭಾಷಣದಲ್ಲೂ ಹೇಳಿರಲಿಲ್ಲ.

ಹಟ್ಟಿಯ ಇಳಿಜಾರಿನಲ್ಲಿ ಕುದುರೆಗಾಡಿ ನಿಂತಿತ್ತು. ಜೋಳಿಗೆಯನ್ನು ಅದರೊಳಗೆ ಇಳಿಸಿ, ಹಗ್ಗದ ಸುರುಳಿಗಳ ನಡುವೆ ಭದ್ರ ಮಾಡಿದರು. "ನಾನು ಬರೋವರೆಗೆ ಗಾಡಿ ಹೊಡೀಬೇಡ ಭಾವ," ಅಂದ ಮ್ಯಾಥ್ಯೂ. "ಹೋಗು ಹೋಗು, ಒಳಗೆ ಮನುಷ್ಯ ಸಾಯ್ತಿದಾನೆ," ಅಂದ ಜೋನಾಸ್. ಹೊಡೆಯುವುದಿಲ್ಲ ಅನ್ನಲಿಲ್ಲ. ಚೀಲ ಹಿಡಿದು ಮೆಟ್ಟಿಲು ಹತ್ತುತ್ತ ಮ್ಯಾಥ್ಯೂ ಎರಡು ಸಲ ತಿರುಗಿ ನೋಡಿದ.

ಒಳಗೆ ಹೊಗೆ, ಒಣಮೀನಿನ ವಾಸನೆ, ಒಲೆಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕೂತ ಐಸಾಕ್. ಅವನ ಮುಖ ನೀಲಿಗೆ ತಿರುಗಿತ್ತು. ತೆರೆಯಲಾರದ ಬಾಯಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು, ಕಣ್ಣು ಮಾತ್ರ ಮ್ಯಾಥ್ಯೂವನ್ನು ಹಿಡಿದುಕೊಂಡಿತು. ಮ್ಯಾಥ್ಯೂ ಕೈ ತೊಳೆದ. ಬೋಗುಣಿಯ ನೀರು ಪದರುಕಲ್ಲಿನ ಕೆಸರಿನಿಂದ ಕಪ್ಪಾಯಿತು. ಎರಡು ಹೆಬ್ಬೆರಳನ್ನೂ ಕಿವಿಯ ಮುಂದೆ ಒತ್ತಿ, ಮೆಲ್ಲಗೆ ದವಡೆಯನ್ನು ಕೆಳಕ್ಕೆ ಎಳೆದ. ಸಂದು ಬೆರಳಿನಡಿ ಜರುಗಿತು. ಅದೇ ಉಬ್ಬು, ಅದೇ ಕುಣಿ, ಈಗಷ್ಟೇ ಕಲ್ಲಿನಲ್ಲಿ ಮುಟ್ಟಿ ಬಂದದ್ದು. ಇಲ್ಲಿ ಬಿಸಿಯಾಗಿ, ನಡುಗುತ್ತ, ನೋವಿನಿಂದ ಹೆದರಿ. ಆ ಕಲ್ಲಿನ ಪ್ರಾಣಿಗೂ ಹಸಿವಾಗುತ್ತಿತ್ತು, ಅನ್ನಿಸಿತು ಅವನಿಗೆ, ಅದೂ ಎಂದೋ ಒಂದು ದಿನ ಬಾಯಿ ತೆರೆಯಲಾರದೆ ಒದ್ದಾಡಿರಬೇಕು. ಈ ಯೋಚನೆಯಿಂದ ಅವನ ಕೈ ಹದವಾಯಿತು. ಬೆರಳನ್ನು ಒಳಗೆ ಇಳಿಸಿ ಗಂಟಲಲ್ಲಿ ಕೀವುಗಟ್ಟಿದ ಬಾವನ್ನು ಹುಡುಕಿದ, ಬೆರಳಿನ ಗುಂಟ ಸಣ್ಣ ಕತ್ತಿಯನ್ನು ಸಾಗಿಸಿದ, ಚುಚ್ಚಿದ. ಕೀವು ಒಮ್ಮೆಲೇ ನುಗ್ಗಿತು. ಐಸಾಕನನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ತಟ್ಟಿದ. ಕೆಮ್ಮು, ಉಗುಳು, ಮತ್ತೆ ಕೆಮ್ಮು. ಆಮೇಲೆ ಒಂದು ಉಸಿರು. ಕಿಟಕಿ ತೆರೆದಾಗ ಮನೆಯೊಳಗೆ ಗಾಳಿ ಬರುತ್ತದಲ್ಲ, ಹಾಗೆ ದೊಡ್ಡದಾಗಿ, ಸಲೀಸಾಗಿ ಒಳಗೆ ಹೋದ ಉಸಿರು.

ಕೆಜಾಯ ಗೋಡೆಗೆ ಮುಖ ಮಾಡಿ ನಿಂತು ಅತ್ತಳು. ಆಮೇಲೆ ತಿರುಗಿ ಮ್ಯಾಥ್ಯೂವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಕೋಟಿಲ್ಲ, ಹ್ಯಾಟಿಲ್ಲ, ಎದೆಯವರೆಗೆ ಒದ್ದೆ, ಅಂಗಿಯೆಲ್ಲ ಕೆಸರು. ಅವಳು ಎರಡು ಕೈಯನ್ನೂ ಕೆನ್ನೆಗೆ ಇಟ್ಟುಕೊಂಡಳು.

"ಅಯ್ಯೋ ನನ್ನಪ್ಪ! ಬಂಡೆ ಮೂಲೆಯಲ್ಲಿ ಉಬ್ಬರಕ್ಕೆ ಸಿಕ್ಕಿಬಿದ್ರಾ? ನಮಗೋಸ್ಕರ ಇಷ್ಟು ಕಷ್ಟ ಪಟ್ರಾ ಡಾಕ್ಟ್ರೇ? ಬರಲೇ ಇಲ್ಲ ಅಂತ ನಾನು ಬಾಯಿಗೆ ಬಂದ ಹಾಗೆ ಬೈಕೊಂಡು ನಿಂತಿದ್ದೆ. ದೇವರು ನನ್ನ ಕ್ಷಮಿಸ್ಲಿ."

ಹೇಳಿಬಿಡಬೇಕು ಅಂದುಕೊಂಡ. ಬಾಯಿಯನ್ನೂ ತೆರೆದ. ಅವಳು ಅಷ್ಟರಲ್ಲಿ ಬಿಸಿ ಹಾಲಿನ ಬಟ್ಟಲನ್ನು ಅವನ ಕೈಗೆ ಇಟ್ಟಿದ್ದಳು, ಗಂಡನ ಉಣ್ಣೆಯ ಅಂಗಿಯನ್ನು ಅವನ ಹೆಗಲ ಮೇಲೆ ಹೊದಿಸುತ್ತಿದ್ದಳು, ಅವಳ ಬಿರುಕುಬಿಟ್ಟ ಬೆರಳು ಅವನ ಕಾಲರಿನ ಕೆಸರನ್ನು ಸವರುತ್ತಿತ್ತು. ಹಾಲು ಕುಡಿದ. ಗಂಟಲಲ್ಲಿ ಸುಟ್ಟುಕೊಂಡು ಇಳಿಯಿತು. ಸಭಾಂಗಣದಲ್ಲಿ ಅಷ್ಟು ಜನ ನಕ್ಕಾಗಲೂ ಅವನು ಇಷ್ಟು ಸಣ್ಣವನಾಗಿರಲಿಲ್ಲ. ಆದರೂ, ಆ ಹಾಲನ್ನು ಕುಡಿಯುತ್ತಿರುವಾಗಲೇ, ಅವನ ಕಿವಿ ಹೊರಗೆ ಇಳಿಜಾರಿನ ಕಲ್ಲುಹಾಸಿನ ಮೇಲೆ ಗಾಡಿಯ ಚಕ್ರದ ಸದ್ದಾಗುತ್ತಿದೆಯೇ ಎಂದು ಆಲಿಸುತ್ತಿತ್ತು. ಆಲಿಸುತ್ತಿರುವ ಕಿವಿಯ ಮೇಲೆ ಅವನಿಗೆ ಅಸಹ್ಯವಾಯಿತು. ಅಸಹ್ಯದ ನಡುವೆಯೂ ಎದೆ ಹಬ್ಬದ ದಿನದ ಮಗುವಿನದರಂತೆ ಕುಣಿಯುತ್ತಿತ್ತು. ಒಬ್ಬ ಮನುಷ್ಯನೊಳಗೆ ಇಷ್ಟೆಲ್ಲ ಒಟ್ಟಿಗೆ ಹೇಗೆ ಹಿಡಿಸುತ್ತದೆ? ಬೆಚ್ಚಗೆ ಹೊದಿಸು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲಿ, ನಾಳೆ ಬರುತ್ತೇನೆ, ಅಂದು ಬಾಗಿಲು ತೆರೆದ.

ಗಾಡಿ ಇರಲಿಲ್ಲ.

ಉಬ್ಬರ ದಂಡೆಯನ್ನು ನುಂಗಿತ್ತು. ಬಂಡೆಯ ಮೇಲಿನ ದಾರಿಯಲ್ಲಿ, ಐಸಾಕನ ಅಂಗಿಯಲ್ಲಿ, ಮಾರ್ಚಿ ತಿಂಗಳ ಗಾಳಿಯನ್ನು ತಲೆಯಿಂದ ಗುಮ್ಮುತ್ತ ಮ್ಯಾಥ್ಯೂ ಊರಿನ ಕಡೆ ಓಡಿದ. ಕಳ್ಳ, ಅಂದ ಪ್ರತಿ ಬೇಲಿ ದಾಟುವಾಗಲೂ. ಈಗ ತೊಳೆಯುತ್ತಿರುತ್ತಾನೆ. ಈಗ ಜೋಡಿಸುತ್ತಿರುತ್ತಾನೆ. ಎರಡು ತುಂಡು ಕೂಡುವ ಆ ಸಣ್ಣ ಸದ್ದು, ಬಾಗಿಲ ಚಿಲಕ ಬಿದ್ದಂಥ ಸದ್ದು, ತಾನಿಲ್ಲದೆ ಆಗಿಹೋಗಿರುತ್ತದೆ. ಹೆಸರು ಹೋದದ್ದಕ್ಕಿಂತ ಆ ಸದ್ದು ತನ್ನ ಕಿವಿಗೆ ಬೀಳಲಿಲ್ಲವಲ್ಲ ಅನ್ನುವುದೇ ಅವನನ್ನು ಹೆಚ್ಚು ಉರಿಸಿತು. ಇದು ಅವನಿಗೇ ಆಶ್ಚರ್ಯವಾಯಿತು. ಒಂದು ಗಳಿಗೆ ನಿಂತು, ಪಕ್ಕೆ ಹಿಡಿದುಕೊಂಡು, ಅದನ್ನೇ ಯೋಚಿಸಿದ. ಆಮೇಲೆ ಮತ್ತೆ ಓಡಿದ.

ಹಗ್ಗದ ಕಾರ್ಖಾನೆ ಬಂದರಿನ ಪಕ್ಕ, ಬೀದಿಯಷ್ಟು ಉದ್ದದ ಒಂದೇ ಚಾವಣಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಗಳನ್ನು ಬಿಗಿದು, ಕೆಲಸದವರು ಹಿಂದೆ ಹಿಂದೆ ನಡೆಯುತ್ತ ಹೊಸೆಯುತ್ತಿದ್ದರು. ಅವರೆಲ್ಲ ನೋಡುತ್ತಿರುವಾಗಲೇ ಮ್ಯಾಥ್ಯೂ ಕೊನೆಯ ಕೋಣೆಗೆ ನುಗ್ಗಿದ. ಬೈಗುಳ ನಾಲಿಗೆಯ ತುದಿಯಲ್ಲಿತ್ತು.

ಜೋನಾಸ್ ಪೀಪಾಯಿಯ ಮೇಲೆ ಕೂತಿದ್ದ, ಎರಡು ಕೈಯನ್ನೂ ಮಂಡಿಯ ನಡುವೆ ಇಳಿಬಿಟ್ಟು. ಮೇಜಿನ ಮೇಲೆ ಒಂದು ಕಡೆ ಮೂತಿ, ಒಂದು ಕಡೆ ತಲೆ. ತಲೆಯನ್ನು ತೊಳೆದಾಗಿತ್ತು. ಅವನ ಅಂಗಿಯ ತೋಳೂ ಒದ್ದೆಯಾಗಿತ್ತು.

"ಕೂಡ್ತಿಲ್ಲ," ಅಂದ ಜೋನಾಸ್.

ಮ್ಯಾಥ್ಯೂವಿಗೆ ಬೈಗುಳ ಮರೆತುಹೋಯಿತು. "ಏನಂದೆ?"

"ಎಷ್ಟು ಸಲ ನೋಡಿದೆ. ಆ ಕಡೆಯಿಂದ, ಈ ಕಡೆಯಿಂದ. ಕೂಡ್ತಿಲ್ಲ ಮ್ಯಾಥ್ಯೂ. ಹೌದು, ನೀನು ಒಳಗೆ ಹೋದ ಕೂಡ್ಲೇ ಗಾಡಿ ಹೊಡೆದೆ. ಬೈ, ಆಮೇಲೆ ಬೈ. ನಿಂಗೇನು ಗೊತ್ತು? ಇದನ್ನ ನೋಡೋಕೆ ಬಂದೋರೆಲ್ಲ ಕೇಳೋದು ಒಂದೇ ಮಾತು. 'ಮೂತಿ ಚೆನ್ನಾಗಿದೆ ಪಿಕರ್ಸ್‌ಗಿಲ್, ತಲೆ ಎಲ್ಲಿ?' ಅಂತ. ಆ ಪ್ರೊಫೆಸರೂ ಕೇಳಿದ್ರು. ನನ್ನ ಕೆಲಸದವರು ಬೆನ್ನ ಹಿಂದೆ ನನ್ನ ತಲೆಯಿಲ್ಲದೋನು ಅಂತಾರೆ, ನಂಗೆ ಕೇಳಲ್ಲ ಅಂದ್ಕೊಂಡಿದಾರೆ." ಅವನು ಮೇಜಿನ ಕಡೆ ಕೈ ತೋರಿಸಿದ. "ನಿನ್ನ ಕೈಲಿ ಒಂದ್ಸಲ ನೋಡು. ನಿನ್ನ ಕೈ ನನಗಿಂತ ಸೂಕ್ಷ್ಮ."

ಮ್ಯಾಥ್ಯೂ ಮೇಜಿನ ಹತ್ತಿರ ಹೋದ. ಮೂತಿಯನ್ನು ಜರುಗಿಸಿ ತಲೆಗೆ ತಾಗಿಸಿದ. ಅಗಲ ಸರಿಯಿತ್ತು. ಮೇಲಿನ ಅಂಚು ಹತ್ತಿರ ಹತ್ತಿರ ಬಂತು. ಆದರೆ ಒಳಗೆಲ್ಲೋ ಕಲ್ಲು ಕಲ್ಲನ್ನು ಒಪ್ಪಲಿಲ್ಲ. ಅಪರಿಚಿತರು ಒಂದೇ ಬೆಂಚಿನಲ್ಲಿ ಕೂತ ಹಾಗೆ ಎರಡೂ ಬಿಗುವಾಗಿ ಉಳಿದವು. ಬೆಳಗಿನಿಂದ ಅವನನ್ನು ಓಡಿಸಿದ್ದು ಯಾವುದೋ ಅದು ಕಾಲಿನ ಬುಡದಿಂದ ಸೋರಿಹೋದಂತಾಯಿತು. ಇದಕ್ಕಾಗಿ ಐಸಾಕ್ ಸಾಯಲಿದ್ದ. ಅವನು ಕಿಟಕಿಯ ಬೆಳಕಿಗೆ ಮೂತಿಯನ್ನು ತಿರುಗಿಸಿದ, ಬಾಗಿದ. ಬಾಗಿದವನು ಹಾಗೆಯೇ ಉಳಿದ. ತಲೆಯ ಕಡೆ ನೋಡಿದ. ಮತ್ತೆ ಮೂತಿ. ಐಸಾಕನ ಒಸಡಿನ ಗುಂಟ ಸಾಗಿದ್ದ ಅದೇ ಬೆರಳನ್ನು ಕಲ್ಲಿನ ದವಡೆಯ ಗುಂಟ ಮೆಲ್ಲಗೆ ಸಾಗಿಸಿದ.

"ಭಾವ," ಅಂದ. "ಬಾ ಇಲ್ಲಿ. ಹಲ್ಲು ನೋಡು. ನಿನ್ನ ಮೂತಿಯಲ್ಲಿ ಹಲ್ಲೆಲ್ಲ ಒಂದೇ ತೋಡಿನಲ್ಲಿ ಕೂತಿವೆ, ನೇಗಿಲ ಸಾಲಲ್ಲಿ ಬಿತ್ತಿದ ಹಾಗೆ. ನೋಡಿದ್ಯಾ? ಈಗ ಇಲ್ಲಿ ಬೆರಳಿಡು. ಇದರಲ್ಲಿ ಗುಣಿ. ಒಂದೊಂದು ಹಲ್ಲಿಗೂ ಅದರದ್ದೇ ಒಂದೊಂದು ಗುಣಿ."

ಜೋನಾಸ್ ಬೆರಳಿಟ್ಟ. ಅವನ ಬಾಯಿ ನಿಧಾನವಾಗಿ ತೆರೆದುಕೊಂಡಿತು.

"ಒಂದೇ ಅಲ್ಲ," ಅಂದ ಮ್ಯಾಥ್ಯೂ. "ಎರಡು. ಎರಡು ಬೇರೆ ಬೇರೆ ಪ್ರಾಣಿ!"

"ಎರಡು," ಅಂದ ಜೋನಾಸ್.

"ಇಂಥದ್ದು ನಾನು ಯಾವ ಚಿತ್ರದಲ್ಲೂ ನೋಡಿಲ್ಲ."

"ಹಾಗಾದ್ರೆ ನನ್ನದರ ತಲೆ..."

"ನನ್ನದರ ಮೂತಿ..."

ಹೊರಗೆ ಹೊಸೆಯುವ ಚಕ್ರದ ಗರಗರ ಸದ್ದು. ಇಬ್ಬರ ಕಣ್ಣೂ ಒಂದೇ ಸಲ ಕಿಟಕಿಗೆ ಹೋಯಿತು. ಬಂದರಿನ ಗೋಡೆಯ ಮೇಲೆ ಒದ್ದೆಯ ಗೆರೆ, ಅದರ ಕೆಳಗೆ ಒಂದು ಮೊಳ ನೀರು ಇಳಿದಿತ್ತು. ಇಳಿತ ಶುರುವಾಗಿತ್ತು, ಕುಸಿದ ಗೋಡೆಯ ಬುಡ ಮತ್ತೆ ಬಯಲಾಗಲಿತ್ತು. ಸಂಜೆಯ ಬೆಳಕು ಇನ್ನೂ ಬೇಕಾದಷ್ಟಿತ್ತು. ಜೋನಾಸನ ಕೈ ತನ್ನಷ್ಟಕ್ಕೆ ತಾನೇ ಗೋಡೆಯ ಮೇಲಿನ ಸುತ್ತಿಗೆಯನ್ನು ಹುಡುಕುತ್ತಿರುವುದನ್ನು ಮ್ಯಾಥ್ಯೂ ಕಂಡ. ತನ್ನ ಕೈ ಚೀಲದ ಬಾಯಿ ಬಿಗಿಯುತ್ತಿರುವುದನ್ನೂ ಕಂಡ.

ಆಗ ಬಾಗಿಲಲ್ಲಿ ಡೋರ್ಕಸ್. ಯಾರೋ ಹೋಗಿ ಹೇಳಿರಬೇಕು. ಅವಳ ತೋಳಿನ ಮೇಲೆ ಅವನ ಇನ್ನೊಂದು ಕೋಟು ಮಡಚಿಕೊಂಡಿತ್ತು. ಗಂಡನನ್ನು, ಅಣ್ಣನನ್ನು, ಮೇಜನ್ನು ನೋಡಿದಳು. "ಐಸಾಕ್ ಸ್ಟೋರ್ ಹೇಗಿದಾನೆ?" ಅಂತ ಕೇಳಿದಳು.

ಜೋನಾಸ್ ಮ್ಯಾಥ್ಯೂವಿನ ಮುಖ ನೋಡಿದ. ಆ ಪ್ರಶ್ನೆಯನ್ನು ತಾನು ಕೇಳಿಯೇ ಇರಲಿಲ್ಲ ಅನ್ನುವುದು ಅವನಿಗೂ ಆಗ ಹೊಳೆದು, ಕಿವಿ ಕೆಂಪಾಯಿತು.

"ಬದುಕಿದ," ಅಂದ ಮ್ಯಾಥ್ಯೂ. "ಬದುಕಿದ ಡೋರ್ಕಸ್, ಚೆನ್ನಾಗಿ ಉಸಿರಾಡ್ತಿದಾನೆ." ಮತ್ತೇನೋ ಹೇಳಬೇಕಿತ್ತು, ತಡವಾಗಿ ಹೋದೆ ಅನ್ನಬೇಕಿತ್ತು. ಅವಳಿಗೆ ಇವತ್ತು ಹೇಳುತ್ತೇನೆ, ಊಟಕ್ಕೆ ಕೂತಾಗ, ಎಲ್ಲ ಹೇಳುತ್ತೇನೆ, ಅಂದುಕೊಂಡ. ಹೇಳುವೆ ಅನ್ನುವುದು ಈ ಸಲ ಖಂಡಿತ ಅನ್ನಿಸಿತು. ಅಷ್ಟರಲ್ಲಿ ಜೋನಾಸ್ ಅವನ ಪಕ್ಕದಿಂದ ನುಸುಳಿ ಬಾಗಿಲು ದಾಟಿದ್ದ.

"ಭಾವ!"

"ನೀನು ಕೋಟು ಹಾಕ್ಕೋ ಡಾಕ್ಟ್ರೇ! ಮೈ ಒದ್ದೆ ಇದೆ, ಜ್ವರ ಬಂದೀತು!" ಅನ್ನುವ ಮಾತು ಆಗಲೇ ಚಾವಣಿಯ ನಡುವಿನಿಂದ ಕೇಳಿತು.

ಮ್ಯಾಥ್ಯೂ ಡೋರ್ಕಸಳ ಕೈಯಿಂದ ಕೋಟು ಕಸಿದುಕೊಂಡು, ಒಂದು ತೋಳನ್ನು ಮಾತ್ರ ತೂರಿಸಿ, ಹೊರಗೆ ಬಂದ. ಆ ಉದ್ದನೆಯ ಚಾವಣಿಯ ಕೆಳಗೆ, ಬಿಗಿದ ಎಳೆಗಳ ಒಂದು ಬದಿಯಲ್ಲಿ ಜೋನಾಸ್ ನಡೆಯುತ್ತಿದ್ದ, ಅವಸರವೇನೂ ಇಲ್ಲ ಅನ್ನುವಂತೆ, ಆದರೆ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ. ಇನ್ನೊಂದು ಬದಿಯಲ್ಲಿ ಮ್ಯಾಥ್ಯೂ ನಡೆದ. ಕೆಲಸದವರು ಹೊಸೆಯುವುದನ್ನು ನಿಲ್ಲಿಸಿ ಯಜಮಾನನನ್ನೂ ಡಾಕ್ಟರನ್ನೂ ಸರದಿಯಲ್ಲಿ ನೋಡಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅರ್ಧ ದಾರಿಯವರೆಗೆ ಮರ್ಯಾದೆ ಹಾಗೆಯೇ ಉಳಿದಿತ್ತು. ಆಮೇಲೆ ಜೋನಾಸನ ಹೆಜ್ಜೆ ಸ್ವಲ್ಪ ಚುರುಕಾಯಿತು, ಮ್ಯಾಥ್ಯೂವಿನದೂ ಆಯಿತು, ಕೋಟಿನ ಖಾಲಿ ತೋಳು ಅವನ ಹಿಂದೆ ಹಾರಾಡತೊಡಗಿತು, ಮತ್ತು ಬಾಗಿಲ ಬಿಳುಪು ಹತ್ತಿರವಾಗುತ್ತಿದ್ದಂತೆ ಇಬ್ಬರೂ ಓಡುತ್ತಿದ್ದರು.